ನಮ್ಮ ಮೇಲೆ ಕೇಸು ಹಾಕಿ ಎಂದು ಬೇಡಿಕೊಂಡದ್ದು

ಮೊನ್ನೆ ಫೋನಿನಲ್ಲಿ ಒಬ್ಬ ಹುಡುಗಿ ಬಲು ಮಿದುವಾದ ದನಿಯಲ್ಲಿ, "ಸರ್, ನಿಮ್ಮ ಕಾರಿನ ಇನ್ಶೂರೆನ್ಸ್ ಮುಗೀತಾ ಬಂತು" ಎಂದಳು. ನನಗೇ ನೆನಪಿಲ್ಲದ ನನ್ನ ಸಂಗತಿ ಇವಳಿಗೆ ಹೇಗೆ ಗೊತ್ತಾಯಿತು ಎಂದು ಮೊದಲನೆಯ ಅನುಮಾನ ಬಂತು. ಚಿಕ್ಕ ಪಾಲಿಸಿ ಸಾಕೋ, ಎಲ್ಲ ಸೇರಿದ ದೊಡ್ಡದು ಬೇಕೋ ಎಂದು ಕೇಳಿದಾಗ ಎರಡನೆಯದು. ಮೂರನೆಯದು ಬರುವ ಹೊತ್ತಿಗೆ ನನಗೇ ನಗು ಬಂತು. ಈ ಅನುಮಾನಗಳೆಲ್ಲ ನಮ್ಮ ಸೋದರಮಾವನ ಆಸ್ತಿ. ಅವನಿಗೆ ಮಕ್ಕಳಿರಲಿಲ್ಲ, ಹಾಗಾಗಿ ನನಗೆ ಬಂದಿವೆ.

ಎಪ್ಪತ್ತರ ದಶಕದ ಕೊನೆಯ ಮಾತು. ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ ಮಾವನ ಮನೆ, ಪೇಟೆಯಲ್ಲಿ ಪಂಪ್‌ಸೆಟ್ಟುಗಳ ಅಂಗಡಿ. ನಾನು ಆಗ ಒಂದು ಕಚೇರಿಯ ಗುಮಾಸ್ತ, ಮದುವೆಯಾಗಿರಲಿಲ್ಲ, ಊಟ ನಿದ್ದೆ ಎರಡೂ ಮಾವನಲ್ಲೇ. ಮಾವನಿಗೆ ಜಗತ್ತಿನಲ್ಲಿ ಅನುಮಾನ ಬರದ ವಸ್ತುವೇ ಇರಲಿಲ್ಲ. ಪೆಟ್ರೋಲು ಹಾಕಿಸುವಾಗ ಬಂಕಿನವನ ಕೈ ನೋಡುತ್ತಿರಲಿಲ್ಲ, ಕಣ್ಣು ನೋಡುತ್ತಿದ್ದ. ತನ್ನ ಹಳೆಯ ಕಾರನ್ನು ಮನೆಯ ಮುಂದೆ ನಿಲ್ಲಿಸಿದ ಮೇಲೆ ಚಕ್ರದ ಬುಡದಲ್ಲಿ ಸೀಮೆಸುಣ್ಣದ ಗೆರೆ ಎಳೆಯುತ್ತಿದ್ದ, ಯಾರಾದರೂ ಗಾಡಿ ಮುಟ್ಟಿದರೆ ತಿಳಿಯಲೆಂದು. ಆ 'ಯಾರಾದರೂ' ನಾನೇ ಎಂಬುದು ಓಣಿಗೆಲ್ಲ ಗೊತ್ತಿತ್ತು. ನನ್ನ ಜೇಬಿನಲ್ಲೂ ಒಂದು ಸೀಮೆಸುಣ್ಣ ಇರುತ್ತಿತ್ತು ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಇಂಥ ಮನುಷ್ಯನ ಬಳಿಗೆ ಇನ್ಶೂರೆನ್ಸ್ ಏಜೆಂಟರು ಬಂದರು ಅನ್ನಿ. ಪಾಪ, ತೆಳ್ಳಗಿನ ಮನುಷ್ಯ.

"ಎರಡು ಥರ ಅದಾವ್ರಿ. ಕಾನೂನಿಗೆ ಸಾಕಾಗೋದು ಒಂದು. ಎಲ್ಲಾ ಸೇರಿದ್ದು ಒಂದು. ಮಂದಿ ಸಣ್ಣದನ್ನೇ ತಗಂತಾರ."

"ಮಂದಿ ತಗಂತಾರಂದ್ರ ಅದರಾಗ ಏನೋ ಐತಿ. ಸಣ್ಣದರಾಗ ಏನು ಬಿಟ್ಟೀರಿ, ಅದನ್ನ ಮೊದಲು ಹೇಳ್ರಿ."

"ಹಾದ್ಯಾಗ ಹೋಗೋರಿಗೆ ಪೆಟ್ಟು ಬಿದ್ರ ಕಂಪನಿ ಕೊಡತೈತಿ. ಗಾಡಿ ಒಳಗ ಕುಂತೋರಿಗೆ ಬಿದ್ರ ಇಲ್ರಿ. ದೊಡ್ಡದರಾಗ ಅದೂ ಐತಿ."

ಮಾವ ನನ್ನ ಕಡೆ ತಿರುಗಿದ. "ಕೇಳಿದೇನಲೇ? ಗಾಡಿ ಇರೋದು ಒಳಗ ಕುಂದ್ರಾಕ. ಒಳಗ ಕುಂತೋರಿಗೇ ಇಲ್ಲಂತ!"

ದೊಡ್ಡದನ್ನೇ ತೆಗೆದುಕೊಂಡ, ಏಜೆಂಟರ ಮೇಲಿನ ನಂಬಿಕೆಯಿಂದಲ್ಲ, ಚಿಕ್ಕದರ ಮೇಲಿನ ಅನುಮಾನದಿಂದ. ಆಮೇಲೆ ಕಾಲೇಜಿನ ಮೇಷ್ಟರೊಬ್ಬರನ್ನು ಕೂರಿಸಿಕೊಂಡು ಆ ಇಂಗ್ಲಿಷ್ ಕಾಗದವನ್ನು ಸಾಲು ಸಾಲಾಗಿ ಕನ್ನಡದಲ್ಲಿ ಹೇಳಿಸಿದ. "ಸಣ್ಣ ಅಕ್ಷರದಾಗ ಬರದಿದ್ದೇ ದೊಡ್ಡ ಮಾತು ಇರತೈತಿ" ಎಂಬುದು ಅವನ ಸಿದ್ಧಾಂತ. ಆ ಕಾಗದ ಬೀರುವಿನಲ್ಲಿ ಬೀಗ ಕಂಡಿತು. ಅತ್ತೆಯ ಬಂಗಾರಕ್ಕೂ ಅಂಥ ಬೀಗವಿರಲಿಲ್ಲ.

ಮರುವರ್ಷ ಒಂದು ದಿನ ಕುರುಗೋಡಿನಲ್ಲಿ ಪಂಪಿನ ಮೋಟಾರು ಇಳಿಸಿ, ಸಿರುಗುಪ್ಪಕ್ಕೆ ಹೋಗಿ ಬಾ ಎಂದು ಮಾವ ನನ್ನ ಕೈಗೆ ಗಾಡಿ ಕೊಟ್ಟ. ದಾರಿಯಲ್ಲಿ ಯಾರನ್ನೂ ಹತ್ತಿಸಬೇಡ ಎಂದು ಮೂರು ಸಲ ಹೇಳಿದ್ದ. ಕುರುಗೋಡು ದಾಟುವಾಗ ಮಧ್ಯವಯಸ್ಸಿನ ಹೆಂಗಸೊಬ್ಬಳು ಕೈ ಮಾಡಿದಳು. ಬಸ್ಸು ತಪ್ಪಿತ್ತು, ಬಿಸಿಲು ನೆತ್ತಿಯ ಮೇಲಿತ್ತು. ಹತ್ತಿಸಿಕೊಂಡೆ. ಹೆಸರು ಹುಲಿಗೆಮ್ಮ, ಊರು ಸಿರುಗುಪ್ಪದ ಕಡೆಯ ಕರೂರು, ಭತ್ತದ ಸಸಿ ನಾಟಿ ಮಾಡುವ ಹೆಂಗಸರ ಗುಂಪಿಗೆ ಮುಂದಾಳು. ಮುಂದಿನ ಸೀಟಿನಲ್ಲಿ, ಮೊಣಕೈಯನ್ನು ಕಿಟಕಿಯ ಮೇಲಿಟ್ಟು ರಾಣಿಯಂತೆ ಕೂತಳು.

ನಮ್ಮ ಕಡೆ ರೈತರು ನವಣೆಯನ್ನು ರಸ್ತೆಯ ಮೇಲೆ ಹರವುತ್ತಾರೆ. ಹೋಗಿ ಬರುವ ಗಾಡಿಗಳು ತುಳಿದು ಕಾಳು ಬಿಡಿಸಿಕೊಡಲಿ ಎಂದು. ದೂರದಿಂದಲೇ ನನಗೆ ಅದು ಕಂಡಿತ್ತು. ಆದರೆ ಹೊಸ ಲೈಸೆನ್ಸು, ಪಕ್ಕದಲ್ಲಿ ಮೆಚ್ಚಿಕೊಳ್ಳುವವರು ಬೇರೆ, ವೇಗ ಇಳಿಸಲಿಲ್ಲ. ಅದರ ಮೇಲೆ ಬಂದ ಮೇಲೆ ಬ್ರೇಕು ಒತ್ತಿದೆ. ಗಾಡಿ ಜಾರಿ ಎಡಗಡೆಯ ಜಾಲಿಮರಕ್ಕೆ ಒರಸಿಕೊಂಡು ನಿಂತಿತು. ನನಗೆ ಒಂದು ಗೀರೂ ಆಗಲಿಲ್ಲ. ಕಿಟಕಿಯ ಮೇಲಿದ್ದ ಆಕೆಯ ಮೊಣಕೈ ಪುಡಿಯಾಯಿತು.

ಆಸ್ಪತ್ರೆಯ ಖರ್ಚನ್ನೆಲ್ಲ ಮಾವ ನೋಡಿಕೊಂಡ. ನನ್ನನ್ನು ಬೈಯಲಿಲ್ಲ, ಅದೇ ಹೆಚ್ಚು ಉರಿಯಿತು. ಕೈ ಮಾತ್ರ ಮಡಚಿದ್ದು ಮಡಚಿದಂತೆಯೇ ಉಳಿಯಿತು. ನಾಟಿಗೆ ಎರಡು ಕೈ ಬೇಕು, ಎಡಗೈಯಲ್ಲಿ ಸಸಿಯ ಕಂತೆ, ಬಲಗೈಯಲ್ಲಿ ಊರುವುದು. ಆಕೆಯ ಜೀವನವೇ ಆ ಕೈಯಲ್ಲಿತ್ತು.

ಮಾವ ಏಜೆಂಟರನ್ನು ಕರೆಸಿದ. ಅವರು ಹೇಳಿದರು: ಕಂಪನಿ ತಾನಾಗಿ ಕೊಡುವುದಿಲ್ಲ. ಹುಲಿಗೆಮ್ಮನೇ ಗಾಡಿಯ ಮಾಲೀಕನ ಮೇಲೆ, ಓಡಿಸಿದವನ ಮೇಲೆ, ಕಂಪನಿಯ ಮೇಲೆ ಕೋರ್ಟಿನಲ್ಲಿ ಕೇಸು ಹಾಕಬೇಕು, ಅದೂ ಅಪಘಾತವಾದ ಆರು ತಿಂಗಳೊಳಗೆ. ಗೆದ್ದರೆ ನಮ್ಮ ಪರವಾಗಿ ಕಂಪನಿ ಕೊಡುತ್ತದೆ.

ಹಾಗೆ ನಾವಿಬ್ಬರೂ, ನಮ್ಮ ಮೇಲೆ ಕೇಸು ಹಾಕಿ ಎಂದು ಬೇಡಿಕೊಳ್ಳಲು ಕರೂರಿಗೆ ಹೋದೆವು. ಹುಲಿಗೆಮ್ಮನ ಅಣ್ಣ ಯಂಕಪ್ಪ ಕಟ್ಟೆಯ ಮೇಲೆ ಕೂತಿದ್ದ. ನಾಲ್ಕು ಮಂದಿ ಸೇರಿದ್ದರು.

"ಏನ್ರಿ ಸಾವ್ಕಾರ್ರೆ, ನಿಮ್ಮ ಮ್ಯಾಲ ನಾವು ಕೇಸು ಹಾಕಬೇಕಾ?"

"ಹೌದಪ್ಪ. ನನ್ನ ಮ್ಯಾಲ, ಈ ನನ್ನ ಅಳಿಯನ ಮ್ಯಾಲ."

"ಹಾಕಿದ್ರ?"

"ನಿನ್ನ ತಂಗಿಗೆ ರೊಕ್ಕ ಬರತೈತಿ."

"ನಿಮಗ?"

"ನನಗೇನೂ ಬರಂಗಿಲ್ಲ."

ಯಂಕಪ್ಪ ಮಂದಿಯ ಕಡೆ ತಿರುಗಿದ. "ಕೇಳಿದ್ರೇನಲೇ? ಕೇಸು ಹಾಕಬ್ಯಾಡ ಅಂತ ಕೈ ಮುಗಿಯೋ ಸಾವ್ಕಾರ್ರನ್ನ ನೋಡೀನಿ. ಹಾಕು ಅಂತ ಕೈ ಮುಗಿಯೋನು ಈಯಪ್ಪ ಒಬ್ಬನ!"

ಮೂಲೆಯಲ್ಲಿದ್ದ ಮುದುಕರೊಬ್ಬರು ಬೀಡಿ ಬಾಯಿಂದ ತೆಗೆದು, "ಇರೋ ಎರಡೆಕರೆ ಹೊಲಕ್ಕ ಬಂದಾರ. ಹೆಬ್ಬೆಟ್ಟು ಕೇಳ್ತಾರ ನೋಡ್ರಿ ಈಗ" ಎಂದರು.

ಎರಡನೆಯ ಸಲವೂ ಅದೇ ಆಯಿತು. ವಾಪಸು ಬರುವಾಗ ನಾನು ಸಿಟ್ಟಿನಿಂದ ಗೊಣಗುತ್ತಿದ್ದೆ. ಮಾವ ಕಿಟಕಿಯ ಹೊರಗೆ ನೋಡುತ್ತ, "ಸುಮ್ಮನಿರಲೇ. ಆತನ ಜಾಗದಾಗ ನಾನಿದ್ರೂ ನಂಬತಿದ್ದಿಲ್ಲ" ಎಂದ. ಕೊನೆಗೆ, "ಛಲೋ ಮನಷ್ಯ ಅದಾನ" ಎಂದು ಸೇರಿಸಿದ.

ಗಡುವಿಗೆ ಒಂದು ತಿಂಗಳಿದ್ದಾಗ ಮೂರನೆಯ ಸಲ ಹೋದೆವು. ಈ ಸಲ ಮಾವ ಆಣೆ ಪ್ರಮಾಣ ಏನೂ ಮಾಡಲಿಲ್ಲ. ಬೀರುವಿನ ಆ ಕಾಗದವನ್ನು ತೆಗೆದು ಕಟ್ಟೆಯ ಮೇಲಿಟ್ಟ.

"ಯಂಕಪ್ಪ, ನನ್ನ ನಂಬಬ್ಯಾಡ. ಇದನ್ನ ಇಲ್ಲೇ ಬಿಟ್ಟು ಹೋಗತೀನಿ, ನನ್ನ ಗುರ್ತ ಇಲ್ದೋರ ಕೈಲೆ ಓದಸು. ವಕೀಲನ್ನ ನೀನೇ ಹುಡುಕು. ನಾನು ಯಾರದಾರ ಹೆಸರು ಹೇಳಿದ್ರ ಆತನ ಹತ್ರ ಹೋಗಲೇಬ್ಯಾಡ. ಓದಿಸಿ ಕೇಳೋತನಕ ಎಲ್ಲೂ ಹೆಬ್ಬೆಟ್ಟು ಒತ್ತಬ್ಯಾಡ. ನಾ ಹೇಳಿದ್ರೂ ಒತ್ತಬ್ಯಾಡ."

ಒಂದು ಜೀವಮಾನದ ವಿದ್ಯೆಯನ್ನೆಲ್ಲ ಅಲ್ಲಿ ಧಾರೆಯೆರೆದುಬಿಟ್ಟ ಅನ್ನಿ. ಯಂಕಪ್ಪ ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ಬಾಗಿಲಲ್ಲಿ ನಿಂತಿದ್ದ ಹುಲಿಗೆಮ್ಮ ಮಾತಾಡಿದಳು.

"ಅಣ್ಣ, ನಂಬ್ರಿ ನಂಬ್ರಿ ಅನ್ನೋರು ಬಾಳ ಮಂದಿ ಬಂದು ಹೋದ್ರು. ನಂಬಬ್ಯಾಡ ಅಂದೋರು ಇವರ ಮೊದಲು. ತಗಾ, ಓದಸೋಣ."

ಕೇಸು ಬಿತ್ತು. ಬೀಗರು ಮನೆಗೆ ಬಂದಷ್ಟು ಸಂತೋಷವಾಯಿತು ಮಾವನಿಗೆ, ಸಮನ್ಸು ಬಂದಾಗ. ಆದರೆ ಕೋರ್ಟಿನಲ್ಲಿ ಅನುಮಾನಿಸುವ ಸರದಿ ಕಂಪನಿಯ ವಕೀಲರದಾಯಿತು. ಎತ್ತು ಅಡ್ಡ ಬಂತು ಎಂದು ಹೇಳಿಬಿಡು, ನಿನ್ನ ತಲೆ ಉಳಿಯುತ್ತದೆ ಎಂದು ಕಚೇರಿಯ ಗೆಳೆಯರು ನನಗೆ ಕಲಿಸಿದ್ದರು. ಹಾಗೆಂದರೆ ತಪ್ಪು ಯಾರದೂ ಅಲ್ಲವಾಗಿ ಹುಲಿಗೆಮ್ಮನ ಕೈ ಬರಿಗೈ ಆಗುತ್ತಿತ್ತು. ಕಟಕಟೆ ಹತ್ತಿ, "ನವಣೆ ಕಂಡಿತ್ತು, ವೇಗ ಇಳಿಸಲಿಲ್ಲ" ಎಂದೆ.

ವಕೀಲರು ಕನ್ನಡಕದ ಮೇಲಿಂದ ನೋಡಿದರು. "ತಪ್ಪು ಒಪ್ಪಿಕೊಳ್ಳೋಕೆ ಇಷ್ಟು ಅವಸರ ಯಾಕೆ? ಈಕೆಯಿಂದ ಬಾಡಿಗೆ ಎಷ್ಟು ತಗೊಂಡಿರಿ?" ಬಾಡಿಗೆಗೆ ಓಡಿಸಿದ್ದರೆ ಕಂಪನಿ ಒಂದು ಪೈಸೆ ಕೊಡಬೇಕಿರಲಿಲ್ಲ.

"ಇಲ್ಲ ಸಾರ್."

"ಗುರುತಿಲ್ಲದವರನ್ನ ಪುಕ್ಕಟೆ ಕರ್ಕೊಂಡು ಹೋದ್ರಾ?"

ನಾನು ಹೌದೆನ್ನುವಷ್ಟರಲ್ಲಿ ಹುಲಿಗೆಮ್ಮ ತನ್ನ ಜಾಗದಿಂದಲೇ ಕೂಗಿದಳು: "ಎಂಟಾಣೆ ಕೊಡಾಕ ಹೋಗಿದ್ದೆ ಸ್ವಾಮಿ! ಇಟ್ಕಾಬೇ, ಚಾ ಕುಡಿಯಾಕ ಆಗತೈತಿ ಅಂತ ನನಗ ಬೈದ ಈ ಹುಡುಗ!" ನ್ಯಾಯಾಧೀಶರು ನಕ್ಕರು. ಅದನ್ನು ಬರೆದುಕೊಂಡರು ಕೂಡ.

ಒಂದೂವರೆ ವರ್ಷದ ಮೇಲೆ ಪರಿಹಾರ ಬಂತು. ಚಿಕ್ಕ ಪಾಲಿಸಿಯಾಗಿದ್ದಿದ್ದರೆ ಮಾವ ಅಂಗಡಿ ಮಾರಬೇಕಾಗುತ್ತಿತ್ತು, ಇಲ್ಲವೇ ಹುಲಿಗೆಮ್ಮ ಸುಮ್ಮನಾಗಬೇಕಾಗುತ್ತಿತ್ತು. ಇಬ್ಬರಲ್ಲಿ ಸುಮ್ಮನಾಗುವುದು ಯಾರು ಎಂಬುದು ನಿಮಗೂ ಗೊತ್ತು, ನನಗೂ ಗೊತ್ತು. ಆಕೆ ಕರೂರಿನಲ್ಲಿ ಹಿಟ್ಟಿನ ಗಿರಣಿ ಹಾಕಿದಳು. ಅದರ ಮೋಟಾರಿಗೆ ಮಾವನ ಅಂಗಡಿಗೆ ಬಂದು, ಬೆಲೆ ಕೇಳಿ, ಮೂಸಿ ನೋಡಿ, ಎದುರಿನ ಅಂಗಡಿಯಲ್ಲಿ ಕೊಂಡಳು. ಮಾವ ಆ ದಿನವೆಲ್ಲ ಬಂದವರಿಗೆಲ್ಲ ಅದನ್ನು ಹೇಳಿಕೊಂಡು ನಗುತ್ತಿದ್ದ.

ಆಮೇಲೆ ನಾನು ಬಹಳ ವರ್ಷ ಯಾರನ್ನೂ ಗಾಡಿಗೆ ಹತ್ತಿಸಿಕೊಳ್ಳಲಿಲ್ಲ. ನನ್ನ ಅನುಮಾನ ನನ್ನ ಮೇಲೆಯೇ. ಮೊನ್ನೆ ಆ ಫೋನಿನ ಹುಡುಗಿಯನ್ನು ಅರ್ಧ ಗಂಟೆ ಹಿಡಿದಿಟ್ಟು, "ದಾರಿಯಲ್ಲಿ ಯಾರನ್ನಾದರೂ ಕೂರಿಸಿಕೊಂಡರೆ ಅವರಿಗೂ ಇದೆಯೇನಮ್ಮ?" ಎಂದು ನಾಲ್ಕು ಥರದಲ್ಲಿ ಕೇಳಿದೆ. ಬರಹದಲ್ಲಿ ಕಳಿಸು ಎಂದೆ. ಕಳಿಸಿದಳು, ಓದಿದೆ, ದೊಡ್ಡದನ್ನೇ ಮಾಡಿಸಿದೆ.

ನಿನ್ನೆ ಸಿರುಗುಪ್ಪದ ರಸ್ತೆಯಲ್ಲಿ, ಚಹಾ ಅಂಗಡಿಯೊಂದರ ಮುಂದೆ ಬಸ್ಸಿಗೆ ಕಾದಿದ್ದ ಅಜ್ಜಿಯೊಬ್ಬರನ್ನು ಕಂಡು ಗಾಡಿ ನಿಲ್ಲಿಸಿದೆ. ಬರ್ರಿ ಎಂದೆ. ಅವರು ಬಗ್ಗಿ ನನ್ನ ಮುಖ ನೋಡಿದರು, ಹಿಂದಿನ ಸೀಟು ನೋಡಿದರು.

"ಎಷ್ಟು ಕೊಡಬೇಕು?"

"ಏನೂ ಬ್ಯಾಡ್ರಿ."

"ಏನೂ ಬ್ಯಾಡಂದ್ರ ಯಾಕ ಕರೀತಿ?" ಎಂದು ಒಂದು ಹೆಜ್ಜೆ ಹಿಂದೆ ಸರಿದು ಚಹಾದವನನ್ನು ಕೂಗಿದರು: "ಏ ತಮ್ಮ, ಈತನ ಗಾಡಿ ನಂಬರ್ ಬರಕಾ. ಮನಿ ಮುಟ್ಟಿ ಫೋನ್ ಮಾಡತೀನಿ. ಮಾಡಲಿಲ್ಲಂದ್ರ ಈತನ್ನ ಬಿಡಬ್ಯಾಡ."

ಅವನು ಗಲ್ಲಾಪೆಟ್ಟಿಗೆಯಲ್ಲೆಲ್ಲ ತಡಕಾಡಿದ, ಪೆನ್ನು ಸಿಗಲಿಲ್ಲ. ನನ್ನದನ್ನೇ ಕೊಟ್ಟೆ.