ದಾರದಲ್ಲಿ ಕೊಯ್ದ ತತ್ತಿ

"ಒಂದ ತತ್ತಿ ಕೊಡ್ರಿ, ಇಡೀ ಕಿತ್ತೂರಿಗೆ ಉಣಿಸಿ, ಉಳದದ್ದನ್ನ ಹೈವೇ ಲಾರಿಯವರಿಗೆ ಕಟ್ಟಿಕೊಡತೇನಿ!"

ದೇಗಾಂವ ರಸ್ತೆಯ ಅಂಗನವಾಡಿಯಲ್ಲಿ ಅಡುಗೆ ಮಾಡುವ ಖೈರುನಬಿಯ ಮಾತಿದು. ನಗಬೇಡಿ, ಆ ಕೈ ಸಾಮಾನ್ಯದ್ದಲ್ಲ. ಗಂಡ ಬುರಾನಸಾಬ ದರ್ಜಿ. ಅವನ ಹೊಲಿಗೆ ದಾರದ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಇನ್ನೊಂದನ್ನು ಬೆರಳಿಗೆ ಸುತ್ತಿ ಬೇಯಿಸಿದ ತತ್ತಿ ಕೊಯ್ದಳೆಂದರೆ, ತಾನು ಎರಡಾದ ಸುದ್ದಿ ತತ್ತಿಗೇ ಮರುದಿನ ತಿಳಿಯಬೇಕು.

ಖರ್ಚು ಕಡಿಮೆ ಮಾಡಬೇಕೆಂದು ಸರಕಾರ ಮಕ್ಕಳ ತತ್ತಿಯನ್ನು ಅರ್ಧಕ್ಕಿಳಿಸಿದಾಗ ಈ ವಿದ್ಯೆ ಕೆಲಸಕ್ಕೆ ಬಂತು. ಮಕ್ಕಳಿಗೆ ಅರ್ಧರ್ಧ ಬಂದರೂ ಯಾವ ತಟ್ಟೆಯೂ ಖಾಲಿ ಉಳಿಯಲಿಲ್ಲ.

"ಇನ್ನ ತತ್ತಿಗೆ ಕಾಜಾ-ಗುಂಡಿ ಹಚ್ಚೂದೊಂದ ಬಾಕಿ ನೋಡು," ಎಂದು ಬುರಾನಸಾಬ ನಕ್ಕ.

ಖೈರುನಬಿಯ ಚಿಂತೆಯೆಲ್ಲ ಗಂಗಾ ಎಂಬ ಕೂಸಿನದು. ಅದೇ ಓಣಿಯ ಸೋಮವ್ವನ ತಾಯಿಯಿಲ್ಲದ ಮೊಮ್ಮಗಳು. ಗಾಳಿ ಬೀಸಿದರೆ ಕಂಬ ಹಿಡಿದುಕೊಳ್ಳಬೇಕು, ಅಷ್ಟು ಸಣಕಲು. ತತ್ತಿ ಅರ್ಧವಾಗುವ ಮೊದಲು ದಿನಾ ಇಡೀ ತತ್ತಿ ತಿಂದು ಆಗಷ್ಟೇ ಗಲ್ಲ ತುಂಬಿತ್ತು.

ಒಂದು ದಿನ ಮೇಲ್ವಿಚಾರಕಿ ಬಂದರು. ಖೈರುನಬಿ ಹಿಗ್ಗಿ, ದಾರ ಹಿಡಿದು ಕೊಯ್ದು ತೋರಿಸಿದಳು. ಅದೇ ತಪ್ಪಾಯಿತು.

"ಭಾರೀ ನಡಿಸೀರಿ ಬಿಡ್ರಿ! ಇದ್ದದ್ದರಾಗ ಸಾಲತೈತಿ ಅಂತ ಮ್ಯಾಲಿನವರಿಗೆ ಹೇಳತೇನಿ."

ಹೇಳಿಯೂ ಬಿಟ್ಟರು. ಮುಂದಿನ ತಿಂಗಳು ಬಂದ ತತ್ತಿ ಅದರ ಅರ್ಧ. ತಟ್ಟೆಯ ಪಾಲು ಕಾಲು ತತ್ತಿಯಾಯಿತು. ಗಂಗಾನ ಗಲ್ಲ ಮತ್ತೆ ಇಳಿಯಿತು. ಮಳೆಗಾಲದ ಮೊದಲ ಭೇದಿಗೇ ಕೂಸು ಹಾಸಿಗೆ ಹಿಡಿಯಿತು. ಬೆಳಗಾವಿಯ ಆಸ್ಪತ್ರೆಯಲ್ಲಿ ತೀರಿಕೊಂಡಿತು. ಈ ಮಾತಿಗೆ ಉಪ್ಪು-ಖಾರ ಹಚ್ಚಲು ಬರುವುದಿಲ್ಲ.

ಸೋಮವ್ವ ಮೊಮ್ಮಗಳ ತಟ್ಟೆ ತಂದು ಒಲೆಯ ಪಕ್ಕ ಇಟ್ಟು ಹೋದಳು. ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಖೈರುನಬಿಗೆ ನಿದ್ದೆಯಾದರೂ ಬರುತ್ತಿತ್ತು.

ಮೇಲ್ವಿಚಾರಕಿ ಮತ್ತೆ ಬಂದಾಗ ಖೈರುನಬಿ ಮುಖ ಎತ್ತಿ ಕೇಳಿಯೇ ಬಿಟ್ಟಳು, "ಮೊದಲಿನಂಗ ತತ್ತಿ ಕಳಸ್ರಿ ಬಾಯಾರ. ಉಳದ ಕೂಸುಗಳರ ಬದಕಲಿ."

"ಸರಕಾರದ ಕೈ ಬಿಗಿ ಐತ್ರಿ ಖೈರುನಬಿ. ನಿಮ್ಮ ದಾರ ಐತೆಲ್ಲಾ, ಇನ್ನಷ್ಟ ಸಣ್ಣಗ ಕೊಯ್ರಿ."

ಖೈರುನಬಿ ಬೆರಳಿನ ದಾರ ಬಿಚ್ಚಿ ಅವರ ಅಂಗೈಯಲ್ಲಿಟ್ಟಳು.

"ತತ್ತಿ ಎಷ್ಟ ಸಣ್ಣಗಾದ್ರೂ ಕೊಯ್ದೇನ್ರಿ ಬಾಯಾರ. ಹಸಿವು ನನ್ನ ಕೈಲೆ ಎರಡಾಗವಲ್ದು. ಅದನ್ನ ನೀವ ಕೊಯ್ದು ತೋರಸ್ರಿ."