ಶಿವಲಿಂಗಮ್ಮ ಕೈ ಹಾಕದ ರಿಪೇರಿ

ಶಿವಲಿಂಗಮ್ಮನವರನ್ನು ಕೈಕಟ್ಟಿ ಕೂರಿಸುವುದೆಂದರೆ ಸಾಮಾನ್ಯದ ಮಾತೇ! ಆದರೂ ತೊಂಬತ್ತಾರನೇ ಇಸವಿಯ ಆ ಭಾನುವಾರ ಬೆಳಿಗ್ಗೆ ಅವರು ಪೀಣ್ಯದ ತಮ್ಮ ಪುಟ್ಟ ಶೆಡ್ಡಿನಲ್ಲಿ, ತಾವೇ ಕಟ್ಟಿದ ಗಿಟಾರ್ ಆಂಪ್ಲಿಫೈಯರಿನ ಮುಂದೆ, ಎರಡೂ ಕೈಗಳನ್ನು ಸೆರಗಿನೊಳಗೆ ಹುದುಗಿಸಿಕೊಂಡು ಕೂತಿದ್ದರು. ಮುಟ್ಟಿದರೆ ಸೋತಂತೆ.

ಷರತ್ತು ಹಾಕಿದವನು ಮಲ್ಲಿಕ್. ಮಾರತ್ತಹಳ್ಳಿಯಲ್ಲಿ ಗಿಟಾರ್ ಅಂಗಡಿ ಇಟ್ಟವನು. ಹಳೇ ರೇಡಿಯೋದಂತೆ ಗಾಜಿನ ವಾಲ್ವುಗಳಿರುವ ಹೊರದೇಶದ ಆಂಪ್ಲಿಫೈಯರ್ ಕೆಟ್ಟಾಗಲೆಲ್ಲ ಇವರ ಹತ್ತಿರ ಹೊತ್ತು ತರುತ್ತಿದ್ದ. ಜಾಲಹಳ್ಳಿಯ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ವೈರಿಂಗ್ ಮಾಡಿ ಸ್ವಯಂ ನಿವೃತ್ತಿ ಪಡೆದಿದ್ದ ಶಿವಲಿಂಗಮ್ಮ ಒಂದೊಂದನ್ನೂ ಬಿಚ್ಚಿ ಬಾಯಿ ತುಂಬ ಬೈಯುತ್ತಿದ್ದರು. ಅವನ್ನು ಕಟ್ಟಿದವರು ವಾಲ್ವಿನ ಬುಡವನ್ನು ನೇರವಾಗಿ ಬೋರ್ಡಿಗೇ ಬೆಸೆದಿರುತ್ತಿದ್ದರು. ಬಿಸಿಗೆ ಬೋರ್ಡು ಸೀದ ದೋಸೆಯಾಗಿರುತ್ತಿತ್ತು. ಒಂದು ಚೂರು ಬದಲಿಸಬೇಕೆಂದರೆ ಮೂವತ್ತು ತಂತಿ ಕೀಳಬೇಕು.

"ಇದನ್ನ ಕಟ್ಟಿದೋನು ಒಂದ್ಸಲಾನೂ ಬಿಚ್ಚಿ ನೋಡಿಲ್ಲ ಕಣಪ್ಪ!"

ಕೊನೆಗೆ ರೋಸಿಹೋಗಿ ತಾವೇ ಒಂದನ್ನು ಕಟ್ಟಿದರು. ದಪ್ಪ ತಗಡು, ತಗಡಿಗೇ ಬಿಗಿದ ಸಾಕೆಟ್ಟುಗಳು, ಮೇಣದ ದಾರದಲ್ಲಿ ನೀಟಾಗಿ ಕಟ್ಟಿದ ತಂತಿಗಳು. ಪ್ರತಿ ತಂತಿಯಲ್ಲೂ ಅರ್ಧ ಇಂಚು ಹೆಚ್ಚು, ಮುಂದೆಂದೋ ಕತ್ತರಿಸಿ ಮತ್ತೆ ಬೆಸೆಯುವವನಿಗಾಗಿ. ನೋಡಿ ಸರಿಯೆನಿಸಿದ ಪ್ರತಿ ಬೆಸುಗೆಯ ಮೇಲೆ ಒಂದು ಕೆಂಪು ಚುಕ್ಕಿ. ಅದು ಕಾರ್ಖಾನೆಯ ಪದ್ಧತಿ. ಯಾರು ಪರೀಕ್ಷಿಸಿದರೋ ಅವರೇ ಚುಕ್ಕಿ ಇಡಬೇಕು. ಅಲ್ಲಿ ಬಣ್ಣ ಕೊಡುತ್ತಿದ್ದರು, ಇಲ್ಲಿ ನೇಲ್ ಪಾಲಿಷ್. ಮುಚ್ಚಳದ ಒಳಗಡೆ ಕನ್ನಡದಲ್ಲಿ ಬರೆದ ನಕ್ಷೆ, ಯಾವ ಜಾಗದಲ್ಲಿ ಎಷ್ಟು ವೋಲ್ಟ್ ಇರಬೇಕೆಂಬ ಅಂಕಿ ಸಮೇತ.

ಅದರ ನಾದ ಕೇಳಿ ಮಲ್ಲಿಕ್ ಕುಣಿದಾಡಿಬಿಟ್ಟ. ಆಮೇಲೆ ತಲೆ ಕೆರೆದುಕೊಂಡ. "ಸಕ್ಕತ್ತಾಗಿದೆ ಅಮ್ಮ. ಆದ್ರೆ ನಿಮಗೊಂದು ಜ್ವರ ಬಂದ್ರೆ ಇದನ್ನ ನೋಡೋರು ಯಾರು? ನೀವೊಬ್ರೇ ಗತಿ ಅಂದ್ರೆ ನಾನು ಹೇಗ್ ಮಾರ್ಲಿ?"

ಮಾತು ನೇರ ಎದೆಗೆ ನಾಟಿತು. ಷರತ್ತು ಹುಟ್ಟಿದ್ದು ಹಾಗೆ. ಮಲ್ಲಿಕ್ ಗುಟ್ಟಾಗಿ ಕೆಡಿಸಬೇಕು. ಇದನ್ನು ಕಂಡೇ ಇರದವನೊಬ್ಬ ಅರ್ಧ ಗಂಟೆಯಲ್ಲಿ ಸರಿಮಾಡಬೇಕು. ಶಿವಲಿಂಗಮ್ಮ ಕೈ ಹಾಕಕೂಡದು, ಬಾಯಿ ಬಿಡಕೂಡದು. ಸರಿಮಾಡಿದರೆ ಹತ್ತು ಆಂಪ್ಲಿಫೈಯರಿಗೆ ಆರ್ಡರ್. ಆಗದಿದ್ದರೆ ಶೆಡ್ಡಿಗೆ ಬೀಗ ಹಾಕುವುದೆಂದು ಶಿವಲಿಂಗಮ್ಮ ಮನೆಯಲ್ಲಿ ಹೇಳಿ ಬಂದಿದ್ದರು.

ಬಂದವನು ಹನುಮೇಶ. ಮಾಕಳಿಯ ಕಡೆ ಹತ್ತು ವರ್ಷದಿಂದ ಮದುವೆಗಳಿಗೆ ಮೈಕ್‌ಸೆಟ್ ಹಾಕುವವನು. ನಾಲ್ಕು ಸ್ಕ್ರೂ ಬಿಚ್ಚಿದ, ಇಡೀ ಯಂತ್ರ ಡ್ರಾಯರಿನ ಹಾಗೆ ಹೊರಗೆ ಜಾರಿತು. ಕಣ್ಣರಳಿಸಿದ. "ಯಮ್ಮಾ, ಇಂಗೂ ಕಟ್ತಾರಾ? ಎಲ್ಲಾ ಕಣ್ ಮುಂದೇನೇ ಐತಲ್ಲ!"

ಬಾಗಿ ಬೆಸುಗೆಗಳ ಮೇಲೆ ಬೆರಳು ಆಡಿಸುತ್ತ ಹೋದವನು ಒಂದು ಕಡೆ ನಿಂತ. "ಇದಕ್ಕೆ ಕೆಂಪು ಇಲ್ವಲ್ಲ." ಎಳೆದರೆ ತಂತಿ ಕಿತ್ತು ಕೈಗೆ ಬಂತು. ತುದಿ ಕತ್ತರಿಸಿದ, ಮತ್ತೆ ಬೆಸೆದ. ನಾಲ್ಕೇ ನಿಮಿಷ!

"ಇದು ಮೋಸ!" ಮಲ್ಲಿಕ್ ಎಗರಾಡಿದ. "ನಾನು ಬೆಸುಗೆ ಬಿಡಿಸೋವಾಗ ಚುಕ್ಕಿ ಅಳಿಸಿಹೋಯ್ತು, ಅಷ್ಟೇ. ತಾನಾಗೇ ಕೆಟ್ರೆ ಅಳಿಸಿಹೋಗಲ್ಲ ಅಮ್ಮ!"

ಮಾತು ನ್ಯಾಯವೇ. ಅದೇ ಶಿವಲಿಂಗಮ್ಮನಿಗೆ ಇನ್ನಷ್ಟು ಸಿಟ್ಟು ತರಿಸಿತು. ನೇಲ್ ಪಾಲಿಷ್ ಬಾಟಲಿಯನ್ನು ಅವನ ಮುಂದೆ ಕುಕ್ಕಿದರು. "ತಗೊಳಪ್ಪ. ನೀನೇ ಕೆಡಿಸು, ನೀನೇ ಚುಕ್ಕಿ ಇಡು. ನಾವು ಟೀ ಕುಡ್ಕೊಂಡ್ ಬರ್ತೀವಿ."

ಎರಡನೇ ಸಲ ಎಲ್ಲ ಚುಕ್ಕಿಗಳೂ ನಗುತ್ತ ಕೂತಿದ್ದವು. ಹನುಮೇಶ ನಕ್ಷೆ ನೋಡಿಕೊಂಡು ಮೀಟರ್ ಹಿಡಿದ. ಒಂದು, ಎರಡು, ಮೂರು, ನಾಲ್ಕು ಸರಿ. ಐದನೇ ಜಾಗದಲ್ಲಿ ನೂರ ಎಂಬತ್ತು ಇರಬೇಕು, ಸೊನ್ನೆ ತೋರಿಸಿತು. ಶಿವಲಿಂಗಮ್ಮನಿಗೆ ಆ ಕ್ಷಣವೇ ತಿಳಿದುಹೋಯಿತು. ಹನುಮೇಶ ವಾಲ್ವ್ ಬದಲಿಸಿದ. ಸೊನ್ನೆ. ಇನ್ನೊಂದು ಹಾಕಿದ. ಸೊನ್ನೆ. ಇಪ್ಪತ್ತು ನಿಮಿಷ ಕಳೆಯಿತು. ಅಯ್ಯೋ, ಅದಲ್ಲ ಮಾರಾಯ! ನಾಲಿಗೆಯ ತುದಿಗೆ ಬಂದ ಮಾತನ್ನು ಅವರು ಸೆರಗು ಕಚ್ಚಿ ನುಂಗಿದರು.

ಹನುಮೇಶ ಮತ್ತೆ ನಕ್ಷೆಯ ಮುಂದೆ ಕುಕ್ಕರಗಾಲಲ್ಲಿ ಕೂತ. ನಾಲ್ಕರಿಂದ ಐದಕ್ಕೆ ಬೆರಳು ಎಳೆದ. "ನಾಲ್ಕರಾಗೆ ಕರೆಂಟ್ ಐತೆ, ಐದರಾಗೆ ಇಲ್ಲ. ನಡುವೆ ಇರೋದು ಈ ರೆಸಿಸ್ಟರ್ ಒಂದೇ ತಾನೇ?"

ಪ್ಲಗ್ ಕಿತ್ತ. ನಕ್ಷೆಯ ತಲೆಯಲ್ಲೇ ಬರೆದಿದ್ದಂತೆ, ಉಳಿದ ಕರೆಂಟ್ ಇಳಿಯುವವರೆಗೆ ಕಾದ. ಹೊರಗೆ ಗೊತ್ತಾಗದಂತೆ ಒಳಗೇ ಸುಟ್ಟುಹೋದ ರೆಸಿಸ್ಟರೊಂದನ್ನು ಮಲ್ಲಿಕ್ ಜಾಣತನದಿಂದ ಅಲ್ಲಿ ಬೆಸೆದು ಚುಕ್ಕಿಯನ್ನೂ ಇಟ್ಟಿದ್ದ. ಮುಚ್ಚಳದಲ್ಲೇ ಸಿಕ್ಕಿಸಿಟ್ಟಿದ್ದ ಬದಲಿ ರೆಸಿಸ್ಟರ್ ತೆಗೆದು ಹನುಮೇಶ ಬೆಸೆದ. ವಾಲ್ವುಗಳು ಕೆಂಪಗೆ ಬೆಚ್ಚಗಾದವು. ಐದನೇ ಜಾಗ, ನೂರ ಎಂಬತ್ತು! ಮಲ್ಲಿಕ್ ಗಿಟಾರಿನ ತಂತಿ ಮೀಟಿದ್ದೇ ತಡ, ಶೆಡ್ಡಿನ ಶೀಟುಗಳೆಲ್ಲ ನಡುಗಿದವು. ಇಪ್ಪತ್ತೇಳು ನಿಮಿಷ.

"ಹತ್ತಲ್ಲ ಅಮ್ಮ, ಹನ್ನೆರಡು ಕಟ್ಟಿ!" ಅವನು ಆ ಸದ್ದಿನ ನಡುವೆಯೇ ಕೂಗಿದ.

ಶಿವಲಿಂಗಮ್ಮನಿಗೆ ಅದು ಸರಿಯಾಗಿ ಕೇಳಿಸಲೂ ಇಲ್ಲ. ತಾವು ಬೆರಳು ತಾಕಿಸದೆ ತಮ್ಮ ಕೆಲಸ ಮತ್ತೆ ಎದ್ದು ಹಾಡುತ್ತಿತ್ತು. ಖುಷಿಗೆ ಕಣ್ಣು ತುಂಬಿ ಬಂತು. ಸೆರಗಿನಿಂದ ಕೈ ಬಿಡಿಸಿಕೊಂಡು ಬಾಟಲಿ ತೆಗೆದರು. ಹೊಸ ಬೆಸುಗೆಯವರೆಗೂ ಕುಂಚ ಒಯ್ದು, ಅಲ್ಲೇ ತಡೆದರು. ಬಾಟಲಿಯನ್ನು ಹನುಮೇಶನ ಕೈಗಿಟ್ಟರು.

"ನೀನೇ ಇಡಪ್ಪ ಚುಕ್ಕೀನ. ನೋಡಿದೋನು ನೀನು."