ಬಿಸಿಲೊಲೆಯ ಮೇಲಿನ ಪಂಚೆ

ಜಗಳೂರಿನಲ್ಲಿ ನಮಗೆ ಪುಕ್ಕಟೆ ಸಿಗುತ್ತಿದ್ದದ್ದು ಬಿಸಿಲು ಮತ್ತು ಅಕ್ಕಪಕ್ಕದವರ ಸಲಹೆ. ಉಳಿದದ್ದಕ್ಕೆಲ್ಲ ದುಡ್ಡು ಕೊಡಬೇಕು, ಇಲ್ಲವೇ ಪಾಳಿ ಹಚ್ಚಿ ನಿಲ್ಲಬೇಕು. ನಾನು ಹುಟ್ಟಿ ಬೆಳೆದದ್ದು ಚನ್ನಗಿರಿ ಕಡೆಯ ಕೆರೆಬಿಳಚಿಯಲ್ಲಿ. ಅಲ್ಲಿ ಸೌದೆಗೆ ದುಡ್ಡು ಕೊಟ್ಟವರನ್ನು ನಾನು ನೋಡಿರಲಿಲ್ಲ. ಅಡಿಕೆ ತೋಟದಲ್ಲಿ ಬಿದ್ದ ಸೋಗೆ, ಹಾಳೆ ಎಳೆದು ತಂದರೆ ಒಲೆ ಉರಿಯುತ್ತಿತ್ತು. ಮದುವೆಯಾಗಿ ಜಗಳೂರಿಗೆ ಬಂದ ಮೇಲೆ ಒಂದು ಹೊರೆ ಜಾಲಿ ಸೌದೆಗೆ ಗಾಡಿಯವನ ಜೊತೆ ಚೌಕಾಸಿ ಮಾಡುವಾಗ ನನಗೆ ನಿಜವಾಗಿ ಸಿಟ್ಟು ಬರುತ್ತಿತ್ತು. ಸೊಸೈಟಿಯ ಸೀಮೆಎಣ್ಣೆ ತಿಂಗಳ ನಡುವೆಯೇ ಮುಗಿಯುತ್ತಿತ್ತು. ಆಮೇಲೆ ಅಂಗಡಿಯವನು ಹೇಳಿದ ರೇಟಿಗೆ ಬಾಯಿ ಮುಚ್ಚಿಕೊಂಡು ತರಬೇಕಾಗಿತ್ತು.

ಎಂಬತ್ತರ ದಶಕದ ನಡುವಿನ ಮಾತು. ನನ್ನ ಯಜಮಾನರು ಅಲ್ಲೊಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು. ಸಂಕ್ರಾಂತಿ ಕಳೆದ ಒಂದು ಸಂಜೆ ಕೈಯಲ್ಲೊಂದು ದೊಡ್ಡ ಸೂಟ್‌ಕೇಸಿನಂಥದ್ದು ಹಿಡಿದು ಬಂದರು. ನೆಂಟರು ಯಾರಾದರೂ ಹಿಂದೆ ಬರುತ್ತಿದ್ದಾರೇನೋ ಎಂದು ನಾನು ಬಾಗಿಲಾಚೆ ಇಣುಕಿದೆ. ನೆಂಟರಿರಲಿಲ್ಲ. ಜಗಲಿಯ ಮೇಲಿಟ್ಟು ಮುಚ್ಚಳ ತೆಗೆದರೆ ಅದರ ಒಳಮೈಗೆ ಕನ್ನಡಿ, ಕೆಳಗೆ ಎರಡು ಪದರ ಗಾಜು, ಗಾಜಿನಡಿ ಕಪ್ಪು ಬಳಿದ ನಾಲ್ಕು ಡಬ್ಬಿ. ಸೋಲಾರ್ ಕುಕ್ಕರ್ ಅಂತೆ. ಸರ್ಕಾರ ಅರ್ಧ ಬೆಲೆಗೆ ಕೊಡುತ್ತಿದೆಯಂತೆ. ಕೊಳ್ಳುವವರು ಸಿಗದೆ ಕಚೇರಿಯವರೇ ಒಂದೊಂದು ಹೊತ್ತುಕೊಂಡು ಹೋಗಿ ಎಂದು ಸಾಹೇಬರು ಹೇಳಿದ್ದರಂತೆ.

"ಮುದ್ದೆ ಆಗ್ತೈತೇನ್ರಿ ಇದ್ರಾಗೆ?" ಎಂದೆ.

"ಮುದ್ದೆ ಆಗಲ್ಲ."

"ರೊಟ್ಟಿ?"

"ರೊಟ್ಟೀನೂ ಆಗಲ್ಲ. ಬೇಳೆ, ಅನ್ನ, ಪಲ್ಯ ಆಗ್ತಾವೆ."

ಮುದ್ದೆಯೂ ಆಗದ, ರೊಟ್ಟಿಯೂ ಆಗದ ಒಲೆಗೆ ದುಡ್ಡು ಸುರಿದು ಬಂದಿದ್ದೀರಲ್ಲ ಎಂದು ನಾನು ರೇಗಿದ್ದು ಬೀದಿಗೆಲ್ಲ ಕೇಳಿಸಿರಬೇಕು. ರೇಗಲು ನನ್ನದೇ ಕಾರಣವೂ ಇತ್ತು. ಮದುವೆಗೆ ಮುಂಚೆ ಒಂದು ಬೇಸಿಗೆಯೆಲ್ಲ ಚನ್ನಗಿರಿಗೆ ಹೋಗಿ ನಾನು ಹೊಲಿಗೆ ಕಲಿತಿದ್ದೆ. ಒಂದು ಹೊಲಿಗೆ ಮಿಷಿನ್ ಬೇಕು ಎಂದು ಬಂದ ದಿನದಿಂದ ಕೇಳುತ್ತಿದ್ದೆ. ಶೋಕಿಗಲ್ಲ. ತವರಿಗೆ ಹೋಗುವ ಬಸ್ ಚಾರ್ಜಿಗೂ ಗಂಡನ ಮುಂದೆ ಕೈಯೊಡ್ಡಬೇಕಲ್ಲ, ಅದು ನನಗೆ ಸೇರುತ್ತಿರಲಿಲ್ಲ. ಅವರು ಕೊಡುವುದಿಲ್ಲ ಎಂದವರಲ್ಲ. ಆದರೆ ಕೇಳುವುದೇ ಬೇಡವಾಗಿತ್ತು.

ನನ್ನ ಮುಖ ನೋಡಿ ಅವರೇ ಒಂದು ಮಾತು ಕೊಟ್ಟರು. ಈ ಪೆಟ್ಟಿಗೆಯಿಂದ ಸೌದೆಯಲ್ಲಿ, ಸೀಮೆಎಣ್ಣೆಯಲ್ಲಿ ಏನು ಉಳಿಯುತ್ತದೋ ಅದೆಲ್ಲ ನನ್ನದು. ಅದು ಕೂಡಿದ ದಿನ ಮಿಷಿನ್. ಯುಗಾದಿವರೆಗೆ ನೋಡೋಣ, ಅಷ್ಟರಲ್ಲಿ ಕೆಲಸಕ್ಕೆ ಬರದಿದ್ದರೆ ಪೆಟ್ಟಿಗೆಯನ್ನು ಹೆಡ್ ಕ್ಲರ್ಕ್ ತೆಗೆದುಕೊಳ್ಳುತ್ತಾರೆ, ಕೊಟ್ಟ ದುಡ್ಡಾದರೂ ವಾಪಸ್ ಬರುತ್ತದೆ. ಪೆಟ್ಟಿಗೆ ಹೋದರೆ ಮಿಷಿನ್ನಿನ ಮಾತೂ ಅದರ ಜೊತೆಗೇ ಹೋಗುತ್ತದೆ ಎಂಬುದು ನನಗೆ ಅರ್ಥವಾಯಿತು. ಮರುದಿನವೇ ನಾನು ಬಿಸಿಲೊಲೆಯ ಪಕ್ಷ ಸೇರಿದೆ.

ನಮ್ಮದು ಪೂರ್ವಕ್ಕೆ ಬಾಗಿಲಿದ್ದ ಬಾಡಿಗೆ ಮನೆ. ಹಿತ್ತಲಲ್ಲಿ ಬೇವಿನ ಮರದ ನೆರಳು, ಮುಂದಿನ ಜಗಲಿಗೆ ಮಾತ್ರ ಬೆಳಗಿನಿಂದ ಬಿಸಿಲು. ಬೇಳೆ ತೊಳೆದು, ನೀರು ಹಾಕಿ, ಡಬ್ಬಿ ಮುಚ್ಚಿ ಪೆಟ್ಟಿಗೆಯೊಳಗಿಟ್ಟು, ಕನ್ನಡಿಯನ್ನು ಸೂರ್ಯನಿಗೆ ತಿರುಗಿಸಿಟ್ಟೆ. ಮಧ್ಯಾಹ್ನ ಯಜಮಾನರು ಊಟಕ್ಕೆ ಬರುವ ಹೊತ್ತಿಗೆ ತೆಗೆದು ನೋಡಿದರೆ ಬೇಳೆ ಬೆಣ್ಣೆಯ ಹಾಗೆ ಬೆಂದಿತ್ತು. ಹೊಗೆಯಿಲ್ಲ, ಮಸಿಯಿಲ್ಲ, ಸೀದ ವಾಸನೆಯಿಲ್ಲ. ಸ್ಟೋವ್ ಹಚ್ಚಿದ್ದು ಮುದ್ದೆಗೆ, ಸಾರಿನ ಒಗ್ಗರಣೆಗೆ ಮಾತ್ರ. ನಾನು ಆ ದಿನ ಎರಡು ಸಲ ಬಡಿಸಿಕೊಂಡು ಉಂಡೆ. ಆ ವಾರವೆಲ್ಲ ಹೀಗೇ ನಡೆಯಿತು, ನನಗಂತೂ ಕಣ್ಣೆದುರಿಗೇ ಮಿಷಿನ್ನಿನ ಚಕ್ರ ತಿರುಗಿದ ಹಾಗೆ ಆಗುತ್ತಿತ್ತು.

ಅಷ್ಟರಲ್ಲಿ ನ್ಯಾಮತಿಯಿಂದ ನಮ್ಮತ್ತೆ ಬಂದರು.

ಮಗಳಿಗೆ ಆಗ ಐದಾರು ತಿಂಗಳು. ಕೂಸನ್ನು ನೋಡಿಕೊಳ್ಳಲು ಬಂದವರು ಅವರು, ಸುಳ್ಳು ಹೇಳಬಾರದು, ಮನಸಾರೆ ನೋಡಿಕೊಂಡರು. ಅವರದೊಂದು ಪದ್ಧತಿ: ಉಣ್ಣುವ ಅಡುಗೆ, ಮಲಗಿದ ಕೂಸು, ಇವನ್ನು ಯಾವತ್ತೂ ತೆರೆದು ಬಿಡುತ್ತಿರಲಿಲ್ಲ. ಮುಚ್ಚಳವಿದ್ದರೂ ಅದರ ಮೇಲೊಂದು ಬಟ್ಟೆ. ದೃಷ್ಟಿಯಾಗಬಾರದು. ಅದಕ್ಕೆಂದೇ ಮಾವನವರ ಹಳೆಯ ಮಲ್ಲು ಪಂಚೆಗಳನ್ನು ಒಗೆದು, ಮಡಿಸಿ, ಟ್ರಂಕಿನಲ್ಲಿ ತಂದಿದ್ದರು. ತೊಟ್ಟಿಲಿಗೆ ಹೊದಿಸುವುದೂ ಅದನ್ನೇ, ನಾಲ್ಕೂ ಮೂಲೆ ಅಚ್ಚುಕಟ್ಟಾಗಿ ಒಳಗೆ ಸಿಕ್ಕಿಸಿ.

ಪೆಟ್ಟಿಗೆಯ ವಿಷಯದಲ್ಲಿ ಅವರು ಹೆಚ್ಚೇನೂ ಹೇಳಲಿಲ್ಲ. ಮಿಷಿನ್ನಿನ ವಿಷಯ ಕಿವಿಗೆ ಬಿದ್ದಾಗ ಮಾತ್ರ ಅಕ್ಕಿ ಆರಿಸುತ್ತಿದ್ದ ಕೈ ನಿಲ್ಲಿಸಿದರು.

"ನಮ್ ಮನ್ಯಾಗೆ ಇದುವರ್ಗೂ ಯಾವ ಸೊಸೇನೂ ಇನ್ನೊಬ್ರ ರವಿಕೆ ಹೊಲ್ದು ದುಡ್ಡು ಇಸ್ಕಂಡಿಲ್ಲ ಕಣವ್ವ," ಎಂದರು. ಜೋರಾಗೇನೂ ಅಲ್ಲ. ಮತ್ತೆ ಅಕ್ಕಿ ಆರಿಸಲು ಕೂತರು.

ಬೆಳಗ್ಗೆ ನಾನು ಬೋರಿನ ನೀರಿಗೆ ಹೋಗಬೇಕಿತ್ತು. ಕೊಡ ಪಾಳಿಗಿಟ್ಟರೆ ಹೊತ್ತು ಸರಿದದ್ದೇ ಗೊತ್ತಾಗುತ್ತಿರಲಿಲ್ಲ. ಆಮೇಲೆ ಹಿತ್ತಲಲ್ಲಿ ಬಟ್ಟೆ ಒಗೆಯುವುದು, ಅಡುಗೆಮನೆಯ ಕೆಲಸ. "ನಾನೆಂಗೂ ಜಗಲಿ ಮ್ಯಾಲೆ ಕೂಸಿನ್ ಜೊತೆ ಕೂತಿರ್ತೀನಿ. ಪೆಟ್ಟಿಗೆ ತಿರುಗಿಸೋದು, ಒಳಗೆ ತರೋದು ನನಗೆ ಬಿಡು," ಎಂದು ಅತ್ತೆಯೇ ಹೇಳಿದರು. ನಾನು ಸಂತೋಷದಿಂದ ಬಿಟ್ಟೆ.

ಅವತ್ತಿನಿಂದ ಬೇಳೆ ಬೇಯಲಿಲ್ಲ. ಡಬ್ಬಿ ಬೆಚ್ಚಗಿರುತ್ತಿತ್ತು, ಬೇಳೆ ಉಬ್ಬಿರುತ್ತಿತ್ತು, ಹಲ್ಲಿಗಿಟ್ಟರೆ ಕಟ್ ಎನ್ನುತ್ತಿತ್ತು. ಅಕ್ಕಿ ನೀರಲ್ಲಿ ನೆನೆದಂತಿರುತ್ತಿತ್ತು. ಯಜಮಾನರು ಊಟಕ್ಕೆ ಕೂರುವ ಹೊತ್ತಿಗೆ ನಾನು ಸ್ಟೋವಿನ ಮೇಲೆ ಎಲ್ಲವನ್ನೂ ಮತ್ತೆ ಬೇಯಿಸಬೇಕು. ಹಾಗಾಗಿ ಎಣ್ಣೆ ಮೊದಲಿಗಿಂತ ಹೆಚ್ಚೇ ಖರ್ಚು. ಯಜಮಾನರು ಗಾಜು ಒರೆಸಿದರು, ಅಂಚಿನ ರಬ್ಬರ್ ಒತ್ತಿ ನೋಡಿದರು, ಕನ್ನಡಿಗೆ ಉಫ್ ಎಂದು ಊದಿ ತಿಕ್ಕಿದರು. ಭಾನುವಾರ ತಾವೇ ಪಕ್ಕದಲ್ಲಿ ಕೂತರೆ ಬೆಂದಿತು. ಸೋಮವಾರ ಮತ್ತೆ ಕಟ್ ಎಂದಿತು. "ಯಾಕೋ ಇದು ನಂಬೋ ಸಾಮಾನಲ್ಲ. ಯುಗಾದಿ ಆಗ್ಲಿ, ಹೆಡ್ ಕ್ಲರ್ಕಿಗೆ ಕೊಟ್ಬಿಡಾನ," ಎಂದರು.

ನನಗೆ ತಲೆ ಬಿಸಿಯಾಯಿತು. ಬಿಸಿಲು ಅದೇ, ಬೇಳೆ ಅದೇ, ಪೆಟ್ಟಿಗೆಯೂ ಅದೇ. ಮನೆಗೆ ಹೊಸದಾಗಿ ಬಂದವರು ಒಬ್ಬರೇ. ಮಿಷಿನ್ ಬರಬಾರದು ಎಂದೇ ಇವರು ಏನೋ ಮಾಡುತ್ತಿದ್ದಾರೆ ಎಂದು ನನಗೆ ಖಾತ್ರಿಯಾಯಿತು. ಈಗ ಅದನ್ನು ನೆನೆದು ನಾಚಿಕೊಳ್ಳಬೇಕು ಎಂದು ನನಗೇನೂ ಅನ್ನಿಸುವುದಿಲ್ಲ. ನನ್ನ ಜಾಗದಲ್ಲಿ ಯಾವ ಸೊಸೆಯಿದ್ದರೂ ಹಾಗೇ ಅಂದುಕೊಳ್ಳುತ್ತಿದ್ದಳು.

ಒಂದು ದಿನ ಬೋರಿನ ಹಿಡಿ ಕಿತ್ತುಹೋಗಿತ್ತು. ಖಾಲಿ ಕೊಡ ಸೊಂಟಕ್ಕಿಟ್ಟುಕೊಂಡು ಬೇಗ ವಾಪಸ್ ಬಂದೆ. ಬೀದಿಯ ತಿರುವಿನಲ್ಲೇ ನಮ್ಮ ಜಗಲಿ ಕಂಡಿತು. ಅತ್ತೆ ಗೋಡೆಗೆ ಒರಗಿ ತೊಟ್ಟಿಲು ತೂಗುತ್ತಿದ್ದರು. ತೊಟ್ಟಿಲ ಮೇಲೆ ಒಂದು ಬಿಳಿ ಪಂಚೆ. ಪಕ್ಕದಲ್ಲಿ ನನ್ನ ಬಿಸಿಲೊಲೆಯ ಗಾಜಿನ ಮೇಲೂ ಒಂದು ಬಿಳಿ ಪಂಚೆ, ಎರಡು ಮಡಿಕೆ ಮಾಡಿ, ನಾಲ್ಕೂ ಮೂಲೆ ಅಚ್ಚುಕಟ್ಟಾಗಿ ಸಿಕ್ಕಿಸಿದ್ದು.

ಕೊಡವನ್ನು ದಡ್ ಎಂದು ಜಗಲಿಯ ಮೇಲಿಟ್ಟೆ.

"ಏನ್ ಅತ್ತೆ ಇದು?"

"ಮೆಲ್ಲಗೆ. ಕೂಸು ಈಗಿನ್ನ ಮಲಗೈತೆ."

"ಅಡುಗೆ ಪೆಟ್ಟಿಗೆಗೆ ಯಾಕೆ ಬಟ್ಟೆ ಹೊದಿಸೀರಿ?"

"ಹೊದಿಸ್ದಂಗೆ ಹೆಂಗೆ ಬಿಡಾಕೆ ಆಗ್ತೈತೆ? ನೀರಿಗೆ ಹೋಗೋ ಹೆಣ್ಮಕ್ಳೆಲ್ಲ ಈ ಕನ್ನಡಿ ಕಂಡ್ರೆ ಸಾಕು, ನಿಂತ್ಕಂಡು ಕುಂಕುಮ ಸರಿ ಮಾಡ್ಕಂತಾರೆ. ನಾವು ಉಣ್ಣೋ ಅನ್ನ ಬೀದ್ಯಾಗೆ ಬೇಯ್ತಿದ್ರೆ ಎಷ್ಟು ಜನದ ಕಣ್ಣು ಬೀಳ್ತಾವೆ?"

"ಬಿಸಿಲು ಬೀಳದಿದ್ರೆ ಅದು ಬೇಯೋದು ಹೆಂಗ್ರಿ?"

"ಉಪ್ಪಿನಕಾಯಿ ಭರಣಿ ಬಾಯಿಗೆ ಬಟ್ಟೆ ಕಟ್ಟೇ ಅಲ್ಲೇನು ಬಿಸಿಲಿಗಿಡೋದು? ಅದು ಬಿಸಿ ಆಗಲ್ಲೇನು?"

ಉತ್ತರ ಹೊಳೆಯದಿದ್ದಾಗ ನನ್ನ ನಾಲಿಗೆ ಇನ್ನೂ ಉದ್ದವಾಗುತ್ತದೆ. "ಬೇಯಬಾರ್ದು ಅಂತಾನೇ ಮಾಡೀರಿ. ಮಿಷಿನ್ ಬರಬಾರ್ದು ನಿಮಗೆ," ಎಂದುಬಿಟ್ಟೆ.

ಅತ್ತೆ ತೊಟ್ಟಿಲ ಹಗ್ಗ ಬಿಟ್ಟರು. ನನ್ನನ್ನೇ ನೋಡಿದರು.

"ಮಿಷಿನ್ ಬ್ಯಾಡ ಅಂತ ನಿನ್ ಎದುರಿಗೇ ಹೇಳೀನಿ. ಅದಕ್ಕೆ ನನ್ ಮಗ ಹಸೀ ಬೇಳೆ ಉಂಡು ಆಫೀಸಿಗೆ ಹೋಗ್ಲಿ ಅಂತ ಮಾಡ್ತೀನೇನವ್ವಾ?"

ಆ ಮಾತು ಸುಳ್ಳಾಗಿರಲು ಸಾಧ್ಯವಿರಲಿಲ್ಲ. ಮಗನ ಊಟದ ವಿಷಯದಲ್ಲಿ ಅವರು ಎಂಥವರು ಎಂಬುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನನ್ನ ಸಿಟ್ಟು ಇಳಿಯಿತು. ಅವರ ಪಕ್ಕದಲ್ಲಿ ಕೂತು ಪಂಚೆ ತೆಗೆದೆ. "ಗಾಜು ಮುಟ್ಟಿ ನೋಡ್ರಿ," ಎಂದೆ. ಮುಟ್ಟಿದರು. ಸುಮ್ಮನೆ ಬೆಚ್ಚಗಿತ್ತು. ಬಟ್ಟೆಯಿಲ್ಲದೆ ಗಾಜಿಗೆ ಬಿಸಿಲು ಬೀಳಲಿ ಎಂದು ಇಬ್ಬರೂ ಕಾಯುತ್ತ ಕೂತೆವು. ಕೂಸು ಎದ್ದು, ಹಾಲು ಕುಡಿದು, ಮತ್ತೆ ಮಲಗಿದ ಮೇಲೆ ಅತ್ತೆ ಇನ್ನೊಮ್ಮೆ ಅಂಗೈ ಇಡಹೋಗಿ ಸರಕ್ಕನೆ ಎಳೆದುಕೊಂಡರು. ಗಾಜಿನೊಳಗೆ ಡಬ್ಬಿಯ ಅಂಚಿನಿಂದ ಸಣ್ಣಗೆ ಹಬೆ ಏಳುತ್ತಿತ್ತು.

"ಓಹೋ," ಎಂದರು. ಬಟ್ಟೆಯ ಕತೆ ಅವರಿಗೆ ಅರ್ಥವಾಗಿತ್ತು. ದೃಷ್ಟಿಯ ಕತೆ ಹಾಗೇ ಉಳಿದಿತ್ತು. ಬಟ್ಟೆ ಹೊದಿಸಿದರೆ ಬೇಯುವುದಿಲ್ಲ, ಬಿಟ್ಟರೆ ಜನರ ಕಣ್ಣು. ಎರಡರಲ್ಲಿ ಒಂದನ್ನು ಬಿಡು ಎಂದು ಆ ವಯಸ್ಸಿನವರಿಗೆ ನಾನು ಹೇಗೆ ಹೇಳಲಿ? ಹೇಳಿದರೂ ಕೇಳುತ್ತಿರಲಿಲ್ಲ. ಪೆಟ್ಟಿಗೆ ಹೆಡ್ ಕ್ಲರ್ಕಿಗೇ ಗತಿ ಎಂದು ನಾನು ಮನಸ್ಸಿನಲ್ಲೇ ಲೆಕ್ಕ ಮುಗಿಸುತ್ತಿದ್ದೆ.

ಅತ್ತೆ ಎದ್ದು ಸೆರಗು ಸರಿಮಾಡಿಕೊಂಡು ಜಗಲಿ ಇಳಿದರು. ಬೀದಿಯ ನಡುವೆ ಹೋಗಿ, ಹೋಗೋ ಬರೋರ ಹಾಗೆ ನಿಂತು, ಪೆಟ್ಟಿಗೆಯ ಕಡೆ ನೋಡಿದರು. ಕಣ್ಣು ಕಿರಿದು ಮಾಡಿದರು. ಒಂದು ಹೆಜ್ಜೆ ಈ ಕಡೆ, ಒಂದು ಹೆಜ್ಜೆ ಆ ಕಡೆ ಸರಿದು ನೋಡಿದರು. ಎದುರು ಮನೆಯಾಕೆ ಏನಾಯಿತೋ ಎಂದು ಬಾಗಿಲಿಗೆ ಬಂದಳು.

"ಅನ್ನ ಕಾಣಂಗಿಲ್ಲ," ಎಂದರು ಅತ್ತೆ. "ಗಾಜು ಬೆಳ್ಳಗೆ ಹೊಳೀತೈತೆ ಅಷ್ಟೆ. ಕನ್ನಡ್ಯಾಗೆ ನನ್ ಮುಖಾನೇ ಕಾಣ್ತೈತೆ."

"ಹೌದ್ ಮತ್ತೆ. ನೋಡಿದೋರ ಕಣ್ಣು ಅವರಿಗೇ ತಾಗ್ಲಿ ಬಿಡ್ರಿ," ಎಂದೆ ನಾನು.

ನಮ್ಮತ್ತೆ ನಗುವುದು ಕಡಿಮೆ. ಅವತ್ತು ಬೀದಿಯಲ್ಲಿ ನಿಂತೇ ನಕ್ಕರು. ಒಳಗೆ ಬಂದವರು ಒಲೆಯ ಮಸಿ ಬೆರಳಿಗೆ ತಾಗಿಸಿಕೊಂಡು ಪೆಟ್ಟಿಗೆಯ ಮಗ್ಗುಲಿಗೆ ಒಂದು ಬೊಟ್ಟು ಇಟ್ಟರು, ಅದು ಬೇರೆ ಮಾತು.

ಯುಗಾದಿಗೆ ಪೆಟ್ಟಿಗೆ ಎಲ್ಲಿಗೂ ಹೋಗಲಿಲ್ಲ. ಹಬ್ಬದ ಕಡಲೆಬೇಳೆ ಬೆಂದದ್ದೇ ಅದರಲ್ಲಿ, ಹೋಳಿಗೆ ಮಾತ್ರ ಹೆಂಚಿನ ಮೇಲೆ. ಅತ್ತೆ ನಮ್ಮಲ್ಲೇ ಉಳಿದು ಅದರ ಕಾವಲುಗಾರರಾದರು. ಸೂರ್ಯ ಸರಿದಂತೆ ತಾವೇ ತಿರುಗಿಸುವರು, ಕಾಗೆ ಅಟ್ಟುವರು. ಕುಂಕುಮ ತಿದ್ದಿಕೊಳ್ಳಲು ಯಾರಾದರೂ ತೀರಾ ಹತ್ತಿರ ಬಂದರೆ, "ಬಿಸಿಲು ಬಿಡ್ರವ್ವಾ, ಬೇಳೆ ಕಾಯ್ತೈತೆ," ಎನ್ನುವರು. ಹೀಗೆ ನಿಂತ ಹೆಂಗಸರ ಕಣ್ಣು ಮಗಳ ಅಂಗಿಯ ಮೇಲೆ ಬೀಳುತ್ತಿತ್ತು. ನಾನು ಕೈಯಲ್ಲೇ ಹೊಲಿದ ಅಂಗಿಗಳು ಅವು. ಎಲ್ಲಿ ಹೊಲಿಸಿದ್ದು ಎಂದು ಕೇಳಿದರೆ ಅತ್ತೆ, "ಅಕಿನೇ ಹೊಲ್ದಿದ್ದು," ಎಂದಷ್ಟೇ ಹೇಳಿ ಪೆಟ್ಟಿಗೆಯ ಕಡೆ ತಿರುಗುತ್ತಿದ್ದರು. ಮಿಷಿನ್ನಿನ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಯಜಮಾನರು ಮಾತಿಗೆ ತಪ್ಪಲಿಲ್ಲ. ಸೌದೆ ಗಾಡಿ ನಮ್ಮ ಬಾಗಿಲಲ್ಲಿ ನಿಲ್ಲುವುದು ಅಪರೂಪವಾಯಿತು. ಸೊಸೈಟಿಯ ಎಣ್ಣೆಯೇ ತಿಂಗಳು ದಾಟುತ್ತಿತ್ತು. ಉಳಿದದ್ದನ್ನು ಅವರು ಸಂಬಳದ ದಿನ ಬಿಸ್ಕತ್ ಡಬ್ಬಿಗೆ ಹಾಕುತ್ತಿದ್ದರು. ಮೋಡದ ತಿಂಗಳುಗಳಲ್ಲಿ ಡಬ್ಬಿ ಸೊರಗುತ್ತಿತ್ತು. ಆದರೆ ಜಗಳೂರಿನ ಮೋಡ ಎಷ್ಟು ದಿನ ನಿಂತೀತು? ಊರಿನ ಉಳಿದವರೆಲ್ಲ ಮಳೆ ಬರಲಿ ಎನ್ನುವಾಗ ನಾನೊಬ್ಬಳು ಬಾಯಿ ಮುಚ್ಚಿಕೊಂಡಿರುತ್ತಿದ್ದೆ.

ಮುಂದಿನ ವರ್ಷದ ಬೇಸಿಗೆಯಲ್ಲಿ ಮಿಷಿನ್ ಬಂತು. ದಾವಣಗೆರೆಯಿಂದ ಬಸ್ಸಿನ ಮೇಲೆ ಕಟ್ಟಿಸಿಕೊಂಡು ತಂದ ಹಳೆಯದು, ಆದರೆ ಕಾಲಲ್ಲಿ ತುಳಿಯುವಂಥದ್ದು, ಚಕ್ರಕ್ಕೆ ಒಂದಿಷ್ಟೂ ತುಕ್ಕಿರಲಿಲ್ಲ. ನಡುಮನೆಯ ಕಿಟಕಿಯ ಬಳಿ ಇಳಿಸಿದ್ದೇ ತಡ, ಬೀದಿಯ ಹೆಂಗಸರೆಲ್ಲ ಒಳಗೆ ಬಂದರು. ಒಬ್ಬಳು ಚಕ್ರ ತಿರುಗಿಸಿದಳು, ಇನ್ನೊಬ್ಬಳು ಹಲಗೆ ಸವರಿದಳು. ಅತ್ತೆ ಒಮ್ಮೆ ನೋಡಿ, ಎದ್ದು ಒಳಕೋಣೆಗೆ ಹೋದರು. ಟ್ರಂಕಿನ ಮುಚ್ಚಳ ತೆಗೆದ ಸದ್ದು ಕೇಳಿಸಿತು. ಬಟ್ಟೆ ತುಂಬಿಕೊಂಡು ನ್ಯಾಮತಿಗೆ ಹೊರಟರು ಎಂದೇ ನಾನು ಅಂದುಕೊಂಡೆ. ಅಷ್ಟು ದಿನ ಕಾದ ಸಂತೋಷದಲ್ಲಿ ಅರ್ಧ ಅಲ್ಲೇ ಕರಗಿತು.

ಬಂದಾಗ ಅವರ ಕೈಯಲ್ಲಿ ಮಾವನವರ ಪಂಚೆಯಿತ್ತು. ಹೆಂಗಸರನ್ನು ಸರಿಸಿ, ಮಿಷಿನ್ನಿನ ಮೇಲೆ ಅದನ್ನು ಹಾಸಿ, ಒಂದೊಂದೇ ಮೂಲೆಯನ್ನು ಒಳಗೆ ಸಿಕ್ಕಿಸಿದರು.

"ಯಾಕ್ ದೊಡ್ಡಮ್ಮಾ, ನಾವು ನೋಡಬಾರ್ದೇನ್ರಿ?" ಎಂದಳು ಎದುರು ಮನೆಯಾಕೆ.

"ಸುಮ್ನೆ ನೋಡಾಕೆ ಬರಬ್ಯಾಡ್ರಿ," ಎಂದರು ನಮ್ಮತ್ತೆ. "ನಾಳೆ ರವಿಕೆ ಬಟ್ಟೆ ತಗಂಡ್ ಬರ್ರಿ. ಆವಾಗ ತೆಗೀತೀನಿ."